ಮಾತು ಕೈಕೊಟ್ಟ ಮೇಲೆ ಜೊತೆಗಾರರನ್ನು ಹುಡುಕುವುದು ಹೇಗೆ?

ಸ್ಟ್ರೋಕ್ ಆದವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೈಗೊಂದು ಫೈಲ್ ಕೊಡುತ್ತಾರೆ. ಯಾವ ಮಾತ್ರೆ ಯಾವ ಹೊತ್ತಿಗೆ, ಬಿಪಿ ಎಷ್ಟರೊಳಗೆ ಇರಬೇಕು, ಕೈಕಾಲಿಗೆ ಯಾವ ವ್ಯಾಯಾಮ, ಮತ್ತೆ ಯಾವಾಗ ಬಂದು ತೋರಿಸಬೇಕು, ಎಲ್ಲ ಅದರಲ್ಲಿರುತ್ತದೆ. ಇನ್ನು ಮುಂದೆ ಇವರು ಯಾರ ಜೊತೆ ಮಾತಾಡುತ್ತಾರೆ ಅನ್ನೋದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಸ್ಟ್ರೋಕ್ ಜೊತೆಗೆ ಅಫೇಸಿಯಾ, ಅಂದರೆ ಮೆದುಳಿಗೆ ಬಿದ್ದ ಪೆಟ್ಟಿನಿಂದ ಭಾಷೆ ಕೆಡುವುದು, ಕೂಡ ಬಂದ ಮನೆಗಳಲ್ಲಿ, ಮೊದಲ ಗಡಿಬಿಡಿ ಮುಗಿದು, ನೋಡಲು ಬರುವವರು ಕಮ್ಮಿಯಾದ ಮೇಲೆ, ಈ ಪ್ರಶ್ನೆ ಎದುರಿಗೆ ಬಂದು ಕೂರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಫೇಸಿಯಾ ಇದ್ದವರಿಗೆ ಬಾಗಿಲ ಮೇಲೆ 'ಸಪೋರ್ಟ್ ಗ್ರೂಪ್' ಅಂತ ಬೋರ್ಡ್ ಇದ್ದರೆ ಸಾಲದು. ಒಳಗೆ ಮಾತುಕತೆ ಹೇಗೆ ನಡೆಯುತ್ತದೆ ಅನ್ನೋದನ್ನು ನೋಡಿ ಗುಂಪು ಆರಿಸಬೇಕು. ಯಾಕೆ ಅಂತ ತಿಳಿಯಬೇಕಾದರೆ ಅಫೇಸಿಯಾ ಏನು ಮಾಡುತ್ತದೆ ಅನ್ನೋದು ಸ್ವಲ್ಪ ಗೊತ್ತಿರಬೇಕು.

ಗೊತ್ತಿದೆ, ಬಾಯಿಗೆ ಬರುತ್ತಿಲ್ಲ

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆಗುವುದೇ ಸ್ಟ್ರೋಕ್. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಹಾಗಾಗಿ ಅಲ್ಲಿ ಪೆಟ್ಟು ಬಿದ್ದರೆ ಬಲಗೈ, ಬಲಗಾಲು ಸೋಲುವುದರ ಜೊತೆಗೆ ಭಾಷೆಯೂ ಕೆಡಬಹುದು. ಇದೇ ಅಫೇಸಿಯಾ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರುತ್ತದೆ.

ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಒಬ್ಬ ರೋಗಿಯ ಬಗ್ಗೆ ವರದಿ ಮಾಡಿದರು. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು 'ಟ್ಯಾನ್' ಅನ್ನೋ ಒಂದೇ ಶಬ್ದ. ಎದುರಿನವರು ಹೇಳಿದ್ದು ಬಹುಮಟ್ಟಿಗೆ ಆತನಿಗೆ ತಿಳಿಯುತ್ತಿತ್ತು. ತೀರಾ ಸಿಟ್ಟು ಬಂದಾಗ ಒಂದು ಬೈಗುಳ ಮಾತ್ರ ಸಲೀಸಾಗಿ ಹೊರಬೀಳುತ್ತಿತ್ತು! 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದರ ಇನ್ನೊಂದು ಬಗೆಯನ್ನು ವಿವರಿಸಿದರು. ಇಲ್ಲಿ ಮಾತು ಧಾರಾಳವಾಗಿ ಬರುತ್ತದೆ, ಆದರೆ ಪದಗಳು ಅದಲುಬದಲಾಗಿ ಅರ್ಥವೇ ಹೊಂದುವುದಿಲ್ಲ, ಬೇರೆಯವರು ಹೇಳಿದ್ದೂ ಸರಿಯಾಗಿ ತಲೆಗೆ ಹೋಗುವುದಿಲ್ಲ. ಇವೆರಡರ ನಡುವೆ ನೂರು ಬಗೆ ಇದೆ. ಕೆಲವರಿಗೆ ಬರೀ ಹೆಸರುಗಳು ಸಿಗುವುದಿಲ್ಲ. ಕೆಲವರಿಗೆ ಎಲ್ಲವೂ ಒಟ್ಟಿಗೆ ಹೋಗಿರುತ್ತದೆ.

ಬಾಯಿಮಾತು ಮಾತ್ರ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಓದು, ಬರಹ, ಲೆಕ್ಕ ಎಲ್ಲದಕ್ಕೂ ತೊಂದರೆ ಆಗಬಹುದು. 'ಮಾತಾಡೋಕೆ ಆಗದಿದ್ದರೆ ಬರೆದು ತೋರಿಸಲಿ' ಅಂತ ಪೆನ್ನು ಕೈಗೆ ಕೊಟ್ಟು ಕಾಯುವವರಿಗೆ ಇದು ಗೊತ್ತಿರುವುದಿಲ್ಲ. ನಾಲಿಗೆ, ತುಟಿಯ ಸ್ನಾಯು ಸೋತು ಮಾತು ತೊದಲುವುದು ಬೇರೆಯೇ ತೊಂದರೆ. ಅದಿದ್ದವರು ಸಾಮಾನ್ಯವಾಗಿ ಬರೆದು ತಿಳಿಸಬಲ್ಲರು. ಎಷ್ಟೋ ಜನರಿಗೆ ಎರಡೂ ಒಟ್ಟಿಗೆ ಇರುತ್ತವೆ, ಆಗ ಯಾವುದು ಯಾವುದರಿಂದ ಅಂತ ಬಿಡಿಸಿ ಹೇಳಲು ಸ್ಪೀಚ್ ಥೆರಪಿಸ್ಟ್ ಬೇಕು.

ಇನ್ನೆರಡು ವಿಷಯ ಮನೆಯವರನ್ನು ತುಂಬಾ ಗೊಂದಲಕ್ಕೆ ಹಾಕುತ್ತವೆ. ಒಂದು, ಹೌದು ಮತ್ತು ಇಲ್ಲ ಅದಲುಬದಲಾಗುವುದು. ತಲೆ ಅಲ್ಲಾಡಿಸಿ ಬೇಡ ಅನ್ನುತ್ತಲೇ ಬಾಯಲ್ಲಿ 'ಹೂಂ' ಅಂದುಬಿಡುತ್ತಾರೆ. ನಾವು ಹೂಂ ಅನ್ನೋದನ್ನೇ ಹಿಡಿದುಕೊಂಡು ಹೋದರೆ ಅವರಿಗೆ ಸಿಟ್ಟು ಬರದೇ ಇರುತ್ತಾ? ಎರಡನೆಯದು, ಮೆದುಳಿನಲ್ಲಿ ಬಾಯಿಪಾಠವಾಗಿ ಕೂತ ಮಾತು ಥಟ್ಟನೆ ಬರುವುದು. ಒಂದರಿಂದ ಹತ್ತು ಎಣಿಸುತ್ತಾರೆ, ವಾರಗಳ ಹೆಸರು ಹೇಳುತ್ತಾರೆ, ಹಾಡಿನ ಸಾಲು ಹಾಡುತ್ತಾರೆ. 'ಇವತ್ತು ಯಾವ ವಾರ?' ಅಂತ ಕೇಳಿದರೆ ಉತ್ತರ ಬರುವುದಿಲ್ಲ. ನೋಡಿದವರು ನಾಟಕ ಅಂದುಕೊಳ್ಳುತ್ತಾರೆ. ನಾಟಕ ಅಲ್ಲ. ಅಭ್ಯಾಸದಿಂದ ತಾನಾಗಿ ಬರುವ ಮಾತಿಗೂ, ಬೇಕೆಂದು ಹುಡುಕಿ ಜೋಡಿಸಿ ಆಡುವ ಮಾತಿಗೂ ಮೆದುಳಿನ ದಾರಿಗಳು ಬೇರೆ ಬೇರೆ.

ಬುದ್ಧಿ ಹೋಗಿರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಯಾರು ತನ್ನನ್ನು ಮಗುವಿನಂತೆ ಮಾತಾಡಿಸುತ್ತಾರೆ, ಯಾರು ತನ್ನೆದುರಿಗೇ ತನ್ನ ಬಗ್ಗೆ ಬೇರೆಯವರನ್ನು ಕೇಳುತ್ತಾರೆ, ಎಲ್ಲ ಅವರಿಗೆ ತಿಳಿಯುತ್ತದೆ.

ನೆಂಟರು, ಸ್ನೇಹಿತರು ಯಾಕೆ ದೂರವಾಗುತ್ತಾರೆ

ಸ್ಟ್ರೋಕ್ ಆದ ಮೇಲೆ ಜನ ಸ್ನೇಹಿತರನ್ನು ಕಳೆದುಕೊಳ್ಳುವುದರ ಬಗ್ಗೆ ಸಂಶೋಧಕರು ರೋಗಿಗಳನ್ನೇ ಕೇಳಿದ್ದಾರೆ. ಬಂದ ಉತ್ತರಗಳು ತೀರಾ ಸಾದಾ. ಒಟ್ಟಿಗೆ ಮಾಡುತ್ತಿದ್ದ ಕೆಲಸ ನಿಂತುಹೋಯಿತು, ಸುಸ್ತು ಜಾಸ್ತಿ, ಓಡಾಟ ಕಷ್ಟ, ಮಾತು ಬರುವುದಿಲ್ಲ, ಎದುರಿನವರು ನಡೆದುಕೊಳ್ಳುವ ರೀತಿ ಹಿಂಸೆ ಅನಿಸುತ್ತದೆ, ಮತ್ತೆ ಕೆಲವರಿಗೆ ತಮಗೇ ಯಾರೂ ಬೇಡ ಅನಿಸಿಬಿಟ್ಟಿದೆ. ಇದರಲ್ಲಿ ಯಾರದೂ ದೊಡ್ಡ ದ್ರೋಹ ಇಲ್ಲ ಅನ್ನೋದನ್ನು ಗಮನಿಸಿ. ನೋಡಲು ಬಂದ ಗೆಳೆಯನಿಗೆ ಏನು ಮಾತಾಡಬೇಕು ಅಂತ ಗೊತ್ತಾಗುವುದಿಲ್ಲ. ಮೌನ ಸಹಿಸಲಾಗದೆ ಮನೆಯವರ ಜೊತೆ ಮಾತಿಗಿಳಿಯುತ್ತಾನೆ. ಹೊರಡುವಾಗ ಜೋರು ದನಿಯಲ್ಲಿ 'ಬೇಗ ಹುಷಾರಾಗಿ' ಅಂದು ಹೋಗುತ್ತಾನೆ. ಕಿವಿ ಕೇಳಿಸುತ್ತದೆ ಕಣಪ್ಪಾ, ಜೋರಾಗಿ ಯಾಕೆ ಹೇಳ್ತೀಯಾ ಅಂತ ಇವರು ಅನ್ನಲಾರರು. ಮುಂದಿನ ಸಲ ಆತ ಬರುವುದು ತಡವಾಗುತ್ತದೆ, ಆಮೇಲೆ ನಿಂತೇಹೋಗುತ್ತದೆ.

ಸ್ಟ್ರೋಕ್ ಆದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಖಿನ್ನತೆ ಕಾಡುತ್ತದೆ, ಅಫೇಸಿಯಾ ಇರುವವರಲ್ಲಿ ಇದು ಇನ್ನೂ ಜಾಸ್ತಿ. ಇಲ್ಲಿ ಒಂದು ವಿಚಿತ್ರ ತೊಡಕಿದೆ. ಬೇರೆ ಯಾವ ಕಾಯಿಲೆ ಬಂದರೂ ಜನ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. ಕೌನ್ಸೆಲಿಂಗ್ ಅಂದರೆ ಮಾತು, ಸಹಾಯವಾಣಿ ಅಂದರೆ ಫೋನಿನಲ್ಲಿ ಮಾತು, ಗ್ರೂಪ್ ಅಂದರೆ ಸುತ್ತ ಕೂತು ಮಾತು. ಅಫೇಸಿಯಾ ಇರುವವರಿಗೆ ಸಹಾಯದ ಎಲ್ಲ ಬಾಗಿಲಿನ ಮುಂದೆಯೂ ತಮ್ಮ ಕೈಲಾಗದ ಆ ಒಂದೇ ಕೆಲಸ ನಿಂತಿರುತ್ತದೆ. ಸಾಮಾನ್ಯ ಸ್ಟ್ರೋಕ್ ಗುಂಪಿಗೆ ಕರೆದುಕೊಂಡು ಹೋಗಿ, ಅಲ್ಲಿ ಎಲ್ಲರೂ ಸರಸರ ಮಾತಾಡುವಾಗ ಇವರು ಒಂದು ಗಂಟೆ ನಗುಮುಖ ಮಾಡಿಕೊಂಡು ಕೂತು ವಾಪಸ್ ಬಂದರೆ, ಮನೆಯಲ್ಲಿದ್ದಾಗಿನಕ್ಕಿಂತ ಒಂಟಿತನ ಹೆಚ್ಚಾಗಿರುತ್ತದೆ. 'ಕರೆದುಕೊಂಡು ಹೋಗಿ ನೋಡಿದ್ವಿ, ಇವರಿಗೆ ಇಷ್ಟ ಆಗ್ಲಿಲ್ಲ' ಅನ್ನುವ ಮನೆಯವರ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಮಾತಿಗೊಂದು ರ‍್ಯಾಂಪ್

ವ್ಹೀಲ್‌ಚೇರ್‌ನಲ್ಲಿ ಬಂದವರಿಗೆ ಮೆಟ್ಟಿಲು ತೋರಿಸಿ 'ಪ್ರಯತ್ನ ಮಾಡಿ' ಅಂತ ಯಾರೂ ಹೇಳುವುದಿಲ್ಲ, ರ‍್ಯಾಂಪ್ ಕಟ್ಟುತ್ತಾರೆ. ಮಾತಿಗೂ ಅಂಥದ್ದು ಕಟ್ಟಬಹುದು ಅನ್ನೋದು ಕೆನಡಾದ ಟೊರಾಂಟೊದಲ್ಲಿರುವ ಅಫೇಸಿಯಾ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಳೆದ ವಿಚಾರ. ಅಲ್ಲಿನ ಔರಾ ಕೇಗನ್ ಮತ್ತು ಜೊತೆಗಾರರು 2001ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 20 ಸ್ವಯಂಸೇವಕರಿಗೆ ಅಫೇಸಿಯಾ ಇರುವವರ ಜೊತೆ ಹೇಗೆ ಮಾತಾಡಬೇಕು ಅಂತ ತರಬೇತಿ ಕೊಟ್ಟರು, ಇನ್ನು 20 ಜನರಿಗೆ ಕೊಡಲಿಲ್ಲ. ತರಬೇತಿ ಪಡೆದವರ ಜೊತೆ ಕೂತಾಗ ಅಫೇಸಿಯಾ ಇರುವವರೇ ಹೆಚ್ಚು ಚೆನ್ನಾಗಿ ಮಾತುಕತೆಯಲ್ಲಿ ಸೇರಿಕೊಂಡರು, ತಮ್ಮ ವಿಷಯ ತಿಳಿಸಿದರು. ಅವರಿಗೆ ಯಾರೂ ಏನೂ ಕಲಿಸಿರಲಿಲ್ಲ! ಕಲಿತದ್ದು ಎದುರಿಗೆ ಕೂತವರು ಮಾತ್ರ.

ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಇದೇ. ಗುಂಪು ಹುಡುಕುವುದು ಅಂದರೆ ಹೀಗೆ ಕಲಿತ ಜನರನ್ನು ಹುಡುಕುವುದು, ಸಿಗದಿದ್ದರೆ ಇದ್ದ ಜನರಿಗೆ ಕಲಿಸುವುದು.

ಅದು ಹೇಗಿರುತ್ತದೆ ಅನ್ನೋದಕ್ಕೆ ಒಂದು ಸನ್ನಿವೇಶ ಊಹಿಸಿಕೊಳ್ಳಿ. ಆರೇಳು ಜನ ಮೇಜಿನ ಸುತ್ತ ಕೂತಿದ್ದಾರೆ. ಟಿವಿ ಇಲ್ಲ, ಫ್ಯಾನಿನ ಗಲಾಟೆ ಇಲ್ಲ. ಎಲ್ಲರ ಮುಂದೆ ಬಿಳಿ ಹಾಳೆ, ದಪ್ಪ ಮಾರ್ಕರ್ ಪೆನ್ನು. ಒಬ್ಬರು ಶುರು ಮಾಡುತ್ತಾರೆ: 'ನಿನ್ನೆ... ಅದು... ಅದು...' ಅಲ್ಲಿಗೆ ನಿಂತಿತು. ಕೈ ಮೇಜಿಗೆ ಕುಟ್ಟಿದರು. ಯಾರೂ ಪದ ಎಸೆಯಲಿಲ್ಲ, ಕಾದರು. ನಡೆಸಿಕೊಡುವವರು 'ಏನು ಹೇಳಬೇಕು ಅಂತ ನಿಮಗೆ ಗೊತ್ತಿದೆ, ನನಗೆ ಗೊತ್ತು' ಅಂದು ಹಾಳೆಯ ಮೇಲೆ ದೊಡ್ಡದಾಗಿ 'ಮನೆ', ಕೆಳಗೆ 'ಹೊರಗೆ' ಅಂತ ಬರೆದರು. ಅವರು ಎಡಗೈ ಬೆರಳನ್ನು 'ಹೊರಗೆ' ಮೇಲಿಟ್ಟರು. ಮುಂದಿನ ಸಾಲು: 'ಆಸ್ಪತ್ರೆ', 'ನೆಂಟರ ಮನೆ', 'ಬೇರೆ ಏನೋ'. ಬೆರಳು 'ಬೇರೆ ಏನೋ' ಮೇಲೆ ಹೋಯಿತು. ಆಮೇಲೆ ತಾವೇ ಪೆನ್ನು ತೆಗೆದುಕೊಂಡು ಒಂದು ಚೌಕ, ಅದರ ಕೆಳಗೆ ಎರಡು ಸೊನ್ನೆ ಬರೆದರು. 'ಕಾರಾ?' ಹೆಬ್ಬೆರಳು ಕೆಳಗೆ. 'ಬಸ್ಸಾ?' ಹೆಬ್ಬೆರಳು ಮೇಲೆ. 'ನಿನ್ನೆ ಬಸ್ಸಿನಲ್ಲಿ ಹೋದ್ರಿ.' ಹೆಬ್ಬೆರಳು ಇನ್ನೂ ಮೇಲೆ, ಆದರೆ ವಿಷಯ ಅಷ್ಟೇ ಅಲ್ಲ ಅಂತ ಮುಖ ಹೇಳುತ್ತಿದೆ. ಎದೆ ಮುಟ್ಟಿಕೊಂಡು ಒಂದು ಬೆರಳು ಎತ್ತಿದರು. ಪಕ್ಕದಲ್ಲಿದ್ದವರಿಗೆ ಹೊಳೆಯಿತು: 'ಒಬ್ಬರೇ?' 'ಒಬ್ಬ... ಒಬ್ಬನೇ!' ಎಲ್ಲರೂ ಚಪ್ಪಾಳೆ ತಟ್ಟಿದರು.

ಇಷ್ಟಕ್ಕೆ ನಾಲ್ಕೈದು ನಿಮಿಷ ಹಿಡಿಯಿತು ಅಂತಿಟ್ಟುಕೊಳ್ಳಿ. ಅಷ್ಟು ಹೊತ್ತು ಕೊಡುವ ಗುಂಪೇ ನಿಮಗೆ ಬೇಕಾದ ಗುಂಪು. ಈ ಸನ್ನಿವೇಶದಲ್ಲಿ ಏನೇನು ಆಯಿತು ನೋಡಿ. ಬುದ್ಧಿ ಇದೆ ಅಂತ ಬಾಯಿಬಿಟ್ಟು ಹೇಳಿದರು. ಒಂದು ಸಲಕ್ಕೆ ಒಂದೇ ವಿಷಯ ಹಿಡಿದರು. ಹೌದು, ಇಲ್ಲ ಅನ್ನೋದನ್ನು ಬಾಯಿಗೆ ಬಿಡದೆ ಹೆಬ್ಬೆರಳಿಗೆ ಬಿಟ್ಟರು. ಆಯ್ಕೆಗಳ ಪಟ್ಟಿಯಲ್ಲಿ 'ಬೇರೆ ಏನೋ' ಅನ್ನೋದಕ್ಕೆ ಜಾಗ ಇಟ್ಟರು. ಇದನ್ನು ಜನ ಮರೆಯುವುದೇ ಜಾಸ್ತಿ. ಮರೆತರೆ ಅವರು ಸುಸ್ತಾಗಿ ಯಾವುದೋ ಒಂದಕ್ಕೆ ತಲೆಯಾಡಿಸಿಬಿಡುತ್ತಾರೆ. ಕೊನೆಗೆ ಅರ್ಥವಾದದ್ದನ್ನು ತಿರುಗಿ ಹೇಳಿ ಸರಿಯಾ ಅಂತ ನೋಡಿಕೊಂಡರು. ಅರ್ಥವಾಗದೇ ಇದ್ದಾಗ ಅರ್ಥವಾದ ಹಾಗೆ ನಟಿಸಬಾರದು. 'ಈಗ ಗೊತ್ತಾಗ್ತಿಲ್ಲ, ಆಮೇಲೆ ಮತ್ತೆ ನೋಡೋಣ' ಅಂದರೆ ಸಾಕು, ಅದರಲ್ಲಿ ಮರ್ಯಾದೆ ಇದೆ.

ಯಾವ ಯಾವ ಥರದ ಗುಂಪುಗಳಿವೆ

ಥೆರಪಿ ಗುಂಪು ಅಂದರೆ ಸ್ಪೀಚ್ ಥೆರಪಿಸ್ಟ್ ನಡೆಸುವುದು, ಇಂಥದ್ದನ್ನು ಕಲಿಯಬೇಕು ಅಂತ ಗುರಿ ಇರುತ್ತದೆ. ಮಾತುಕತೆಯ ಗುಂಪಿನಲ್ಲಿ ಪಾಠ ಇರುವುದಿಲ್ಲ, ಸುದ್ದಿ, ಕ್ರಿಕೆಟ್ಟು, ಮೊಮ್ಮಕ್ಕಳು, ಏನಾದರೂ ಆಗಬಹುದು. ಎರಡನೆಯದನ್ನು 'ಸುಮ್ನೆ ಹರಟೆ' ಅಂತ ಕಡೆಗಣಿಸಬೇಡಿ. 1999ರಲ್ಲಿ ಅಮೆರಿಕದ ರಾಬರ್ಟಾ ಎಲ್ಮನ್ ಮತ್ತು ಎಲೆನ್ ಬರ್ನ್‌ಸ್ಟೀನ್ ಎಲಿಸ್ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟ್ರೋಕ್ ಆಗಿ ತುಂಬಾ ದಿನ ಕಳೆದಿದ್ದ 24 ಜನ ವಾರಕ್ಕೆ 5 ಗಂಟೆಯಂತೆ 4 ತಿಂಗಳು ಗುಂಪಿನಲ್ಲಿ ಮಾತುಕತೆಯೇ ಮುಖ್ಯವಾದ ಥೆರಪಿ ಪಡೆದರು. ಭಾಷೆಯ ಪರೀಕ್ಷೆಯಲ್ಲೂ ದಿನನಿತ್ಯದ ಸಂವಹನದಲ್ಲೂ ಸುಧಾರಣೆ ಕಂಡಿತು. ಮೊದಲ ಕೆಲವು ತಿಂಗಳು ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಅನ್ನೋದು ನಿಜ. ಆರು ತಿಂಗಳಾದ ಮೇಲೆ ಬಾಗಿಲು ಮುಚ್ಚಿತು ಅನ್ನೋದು ಸುಳ್ಳು. ವರ್ಷಗಳ ನಂತರವೂ ಹೊಸ ಪದ ಬಂದವರಿದ್ದಾರೆ.

ಹಾಡುವ ಗುಂಪುಗಳು ಹಲವು ದೇಶಗಳಲ್ಲಿವೆ, ಅಫೇಸಿಯಾ ಕಾಯರ್ ಅಂತಲೇ ಕರೆಯುತ್ತಾರೆ. ಒಂದು ಪದ ಹೇಳಲಾಗದವರು ಇಡೀ ಪಲ್ಲವಿ ಹಾಡುವುದನ್ನು ನೋಡಿದರೆ ಮನೆಯವರ ಕಣ್ಣಲ್ಲಿ ನೀರು ಬರುವುದು ಸಹಜ. ರಾಗ ಹಿಡಿದು ಮಾತು ಕಲಿಸುವ ಒಂದು ಥೆರಪಿ 1973ರಿಂದಲೇ ಇದೆ. ಆದರೆ ಹಾಡು ಬಂತು ಅಂದ ಮಾತ್ರಕ್ಕೆ ಮಾತು ತಾನಾಗಿ ಬರುತ್ತದೆ ಅಂತ ಕಾಯಬೇಡಿ. ಹಾಡುವ ಗುಂಪಿನ ದೊಡ್ಡ ಲಾಭ ಬೇರೆಯದು: ಅಲ್ಲಿ ಎಲ್ಲರ ದನಿಯ ಜೊತೆ ತಮ್ಮ ದನಿಯೂ ಇರುತ್ತದೆ, ಯಾರೂ ಉತ್ತರಕ್ಕೆ ಕಾಯುತ್ತಿರುವುದಿಲ್ಲ.

ಮಾತೇ ಮುಖ್ಯವಲ್ಲದ ಗುಂಪುಗಳೂ ತುಂಬಾ ಒಳ್ಳೆಯವು ಅಂತ ನನ್ನ ನಂಬಿಕೆ. ಚಿತ್ರ ಬಿಡಿಸುವುದು, ಗಿಡ ನೋಡಿಕೊಳ್ಳುವುದು, ಕೇರಂ, ಇಸ್ಪೀಟು, ನಿಧಾನ ನಡಿಗೆ. ಕೈಗೆ ಕೆಲಸ ಇದ್ದಾಗ ಮೌನ ಭಾರ ಅನಿಸುವುದಿಲ್ಲ. ಸ್ವೀಡನ್ನಿನ ಕವಿ ತೋಮಸ್ ಟ್ರಾನ್‌ಸ್ಟ್ರೋಮರ್ ಅವರಿಗೆ 1990ರಲ್ಲಿ ಸ್ಟ್ರೋಕ್ ಆಗಿ ಬಲಗೈ ಸೋತಿತು, ಮಾತು ಬಹುಪಾಲು ಹೋಯಿತು. ಅವರು ಎಡಗೈ ಒಂದರಲ್ಲೇ ಪಿಯಾನೋ ನುಡಿಸುತ್ತಿದ್ದರು. 2011ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗಲೂ ಅವರ ಮಾತು ಮರಳಿರಲಿಲ್ಲ.

ಇಲ್ಲೊಂದು ಎಚ್ಚರಿಕೆ. ನಟ ಬ್ರೂಸ್ ವಿಲಿಸ್ ಅವರಿಗೆ ಅಫೇಸಿಯಾ ಅಂತ ಕುಟುಂಬದವರು 2022ರಲ್ಲಿ ತಿಳಿಸಿದಾಗ ಈ ಪದ ಎಲ್ಲೆಡೆ ಓಡಾಡಿತು. ಮುಂದಿನ ವರ್ಷ ಅವರಿಗಿರುವುದು ಮೆದುಳು ನಿಧಾನವಾಗಿ ಸವೆಯುವ ಒಂದು ಕಾಯಿಲೆ, ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಅಂತ ಗೊತ್ತಾಯಿತು. ಅಂಥ ಕಾಯಿಲೆಯಲ್ಲಿ ಮಾತು ದಿನ ಕಳೆದಂತೆ ಇನ್ನಷ್ಟು ಕಮ್ಮಿಯಾಗುತ್ತದೆ. ಸ್ಟ್ರೋಕಿನ ಅಫೇಸಿಯಾ ಹಾಗಲ್ಲ, ಪೆಟ್ಟು ಒಮ್ಮೆ ಬಿದ್ದು, ಅಲ್ಲಿಂದ ಮೇಲೆ ಬರುವ ದಾರಿ ಇರುತ್ತದೆ. ಎರಡಕ್ಕೂ ಬೇಕಾದ ಗುಂಪು ಬೇರೆ ಬೇರೆ.

ಎಲ್ಲಿ ಕೇಳಬೇಕು, ಏನು ಕೇಳಬೇಕು

ಮೊದಲು ಕೇಳಬೇಕಾದ್ದು ಸ್ಪೀಚ್ ಥೆರಪಿಸ್ಟ್ ಹತ್ತಿರ. ಡಾಕ್ಟರಿಗಿಂತ ಅವರಿಗೇ ಇದು ಚೆನ್ನಾಗಿ ಗೊತ್ತಿರುತ್ತದೆ. ಗುಂಪು ಇಲ್ಲ ಅಂದರೆ 'ನಿಮ್ಮ ಹತ್ತಿರ ಬರುವ ಇನ್ಯಾರಾದರೂ ಒಬ್ಬರಿಗೆ ನಮ್ಮ ನಂಬರ್ ಕೊಡ್ತೀರಾ?' ಅಂತ ಕೇಳಿ. ಬೇರೆ ರೋಗಿಯ ನಂಬರ್ ಅವರು ನಿಮಗೆ ಕೊಡುವ ಹಾಗಿಲ್ಲ, ನಿಮ್ಮದನ್ನು ನಿಮ್ಮ ಒಪ್ಪಿಗೆಯಿಂದ ಆ ಕಡೆಗೆ ಕೊಡಬಹುದು. ಸ್ಪೀಚ್ ಥೆರಪಿ ಕಲಿಸುವ ಕಾಲೇಜುಗಳನ್ನು ಜನ ಮರೆತೇಬಿಡುತ್ತಾರೆ. ಅಲ್ಲಿ ವಿದ್ಯಾರ್ಥಿಗಳು ಅಭ್ಯಾಸ ಮಾಡುವ ಕ್ಲಿನಿಕ್ ಇರುತ್ತದೆ, ಖರ್ಚೂ ಕಮ್ಮಿ ಇರುವುದೇ ಹೆಚ್ಚು, ಮಾತಾಡಲು ಉತ್ಸಾಹ ಇರುವ ಹುಡುಗ ಹುಡುಗಿಯರು ಸಿಗುತ್ತಾರೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗ, ಪುನರ್ವಸತಿ ಕೇಂದ್ರ, ದೇಶದ ಸ್ಟ್ರೋಕ್ ಸಂಘ ಇವುಗಳನ್ನೂ ವಿಚಾರಿಸಿ. ಅಮೆರಿಕದಲ್ಲಿ 1987ರಿಂದ ನ್ಯಾಷನಲ್ ಅಫೇಸಿಯಾ ಅಸೋಸಿಯೇಷನ್ ಇದೆ, ಬ್ರಿಟನ್ನಿನಲ್ಲಿ ಸ್ಟ್ರೋಕ್ ಅಸೋಸಿಯೇಷನ್, ಆಸ್ಟ್ರೇಲಿಯಾದಲ್ಲಿ ಅಫೇಸಿಯಾ ಅಸೋಸಿಯೇಷನ್ ಇವೆ. ಬೇರೆ ದೇಶದಲ್ಲಿದ್ದರೂ ಇವರ ವೆಬ್‌ಸೈಟ್‌ನಲ್ಲಿರುವ ಮಾಹಿತಿ ಉಪಯೋಗಕ್ಕೆ ಬರುತ್ತದೆ.

ಗುಂಪು ಸಿಕ್ಕಿದರೆ ಸೇರುವ ಮುಂಚೆ ಫೋನ್ ಮಾಡಿ. ಎಷ್ಟು ಜನ ಸೇರುತ್ತಾರೆ? ಹತ್ತು ದಾಟಿದರೆ ಮಾತು ಕಷ್ಟದವರಿಗೆ ಸರದಿ ಸಿಗುವುದು ಅನುಮಾನ. ನಡೆಸುವವರಿಗೆ ಅಫೇಸಿಯಾ ಬಗ್ಗೆ ತರಬೇತಿ ಇದೆಯಾ? ಹಾಳೆ, ಪೆನ್ನು, ಚಿತ್ರ ಬಳಸುತ್ತಾರಾ? ಮೊದಲ ಸಲ ಸುಮ್ಮನೆ ಕೂತು ನೋಡಬಹುದಾ? ಮನೆಯವರು ಪಕ್ಕದಲ್ಲಿ ಕೂರಬೇಕಾ, ಹೊರಗಿರಬೇಕಾ? ಯಾವ ಭಾಷೆಯಲ್ಲಿ ನಡೆಯುತ್ತದೆ? ಈ ಕೊನೆಯ ಪ್ರಶ್ನೆ ಎರಡು ಮೂರು ಭಾಷೆ ಬಲ್ಲವರಿಗೆ ದೊಡ್ಡದು. ಎಲ್ಲ ಭಾಷೆಗಳೂ ಒಟ್ಟಿಗೆ ಚೇತರಿಸಿಕೊಳ್ಳಬಹುದು, ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿಯಲೂಬಹುದು. ಆಫೀಸಿನಲ್ಲಿ ಜೀವನವಿಡೀ ಆಡಿದ ಭಾಷೆ ಬಾರದೆ ಮನೆಮಾತು ಮಾತ್ರ ಬರುತ್ತಿದ್ದರೆ, ಅದು ನಡೆಯುವ ಜಾಗ ಹುಡುಕಿ. ಎರಡು ಭಾಷೆ ಕಲಸಿ ಮಾತಾಡಿದರೆ ತಿದ್ದದ ಗುಂಪು ಇನ್ನೂ ಒಳ್ಳೆಯದು.

ಬೆಳಗ್ಗೆ ಹೊತ್ತಿನ ಗುಂಪಾದರೆ ಅನುಕೂಲ. ಸ್ಟ್ರೋಕ್ ನಂತರದ ಸುಸ್ತು ಸಾಮಾನ್ಯ ಸುಸ್ತಲ್ಲ, ಮಧ್ಯಾಹ್ನದ ಹೊತ್ತಿಗೆ ಇದ್ದ ಪದಗಳೂ ಖಾಲಿಯಾಗುವವರಿದ್ದಾರೆ. ಒಂದೇ ಸಲಕ್ಕೆ ಹಿಡಿಸಲಿಲ್ಲ ಅಂತ ಬಿಡಬೇಡಿ, ಎರಡು ಮೂರು ಸಲ ಹೋಗಿ ನೋಡಿ. ಆದರೆ ಹೋಗಲ್ಲ ಅಂತ ಅವರು ಹೆಬ್ಬೆರಳು ಕೆಳಗೆ ಮಾಡಿದರೆ ಒಪ್ಪಿಕೊಳ್ಳಿ. ಮಾತು ಹೋದವರ ಪರವಾಗಿ ಎಲ್ಲ ತೀರ್ಮಾನ ಬೇರೆಯವರೇ ಮಾಡುತ್ತಿರುವಾಗ, ಬೇಡ ಅನ್ನುವ ಹಕ್ಕಾದರೂ ಅವರದಾಗಿರಲಿ.

ಆನ್‌ಲೈನ್ ಗುಂಪುಗಳು ಓಡಾಟ ಕಷ್ಟ ಇರುವವರಿಗೆ ದೊಡ್ಡ ಉಪಕಾರ. ಆದರೆ ಎಲ್ಲರೂ ಟೈಪ್ ಮಾಡುವ ಗುಂಪಿನಲ್ಲಿ ಓದು ಬರಹ ಕೆಟ್ಟವರು ಏನು ಮಾಡಬೇಕು? ವಾಟ್ಸಾಪ್ ಗುಂಪಾದರೆ ವಾಯ್ಸ್ ಮೆಸೇಜ್, ಫೋಟೋ, ಎಮೋಜಿ ಚೆನ್ನಾಗಿ ನಡೆಯುತ್ತದೆ. ಉದ್ದುದ್ದ ಫಾರ್ವರ್ಡ್ ಮೆಸೇಜುಗಳ ರಾಶಿ ಬಿದ್ದರೆ ಎರಡೇ ದಿನದಲ್ಲಿ ಅವರು ನೋಡುವುದನ್ನೇ ಬಿಡುತ್ತಾರೆ. ವಿಡಿಯೋ ಕಾಲ್ ಆದರೆ ನಾಲ್ಕೈದು ಜನ ಸಾಕು. ಒಬ್ಬರು ಹೆಸರು ಕರೆದು ಸರದಿ ಕೊಡಬೇಕು, ಇಲ್ಲದಿದ್ದರೆ ಬೇಗ ಮಾತಾಡುವವರೇ ಮಾತಾಡಿ ಮುಗಿಸುತ್ತಾರೆ. ಬರೆದ ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದರೆ ಎಲ್ಲರಿಗೂ ಕಾಣುತ್ತದೆ, ಬೇರೆ ತಂತ್ರಜ್ಞಾನವೇ ಬೇಡ.

ಇಂಥ ಗುಂಪುಗಳಲ್ಲಿ 'ಈ ಎಣ್ಣೆ ಹಚ್ಚಿ', 'ಈ ಇಂಜೆಕ್ಷನ್ ತಗೊಂಡ್ರೆ ಒಂದೇ ತಿಂಗಳಲ್ಲಿ ಮಾತು' ಅನ್ನುವವರು ಬಂದೇ ಬರುತ್ತಾರೆ. ದುಡ್ಡು ಕೇಳುವ ಪವಾಡಗಳಿಂದ ದೂರ ಇರಿ. ಗುಂಪಿನವರ ಮಾತು ಕೇಳಿ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ. ಮುಖ ಸೊಟ್ಟಗಾಗುವುದು, ಕೈ ಬಿದ್ದುಹೋಗುವುದು, ಇದ್ದ ಮಾತೂ ದಿಢೀರ್ ಕೆಡುವುದು ಕಂಡರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ.

ಗುಂಪೇ ಇಲ್ಲದಿದ್ದರೆ

ಹೆಚ್ಚಿನ ಕಡೆ ಪರಿಸ್ಥಿತಿ ಇದೇ ಅಲ್ವಾ? ಆಗ ಹಳೆಯ ಸ್ನೇಹಿತರಿಂದಲೇ ಶುರು ಮಾಡಬೇಕು. ಎಲ್ಲರೂ ಬೇಡ, ಇಬ್ಬರು ಮೂವರು ಸಾಕು. ಅವರಿಗೆ ಕರೆ ಮಾಡಿ ಸ್ಪಷ್ಟವಾಗಿ ಹೇಳಿ: 'ಇವರ ಬುದ್ಧಿ ಎಲ್ಲೂ ಹೋಗಿಲ್ಲ, ಮಾತು ಹೊರಡೋಕೆ ಹೊತ್ತು ಬೇಕು. ವಾರಕ್ಕೊಂದು ಸಲ ಅರ್ಧ ಗಂಟೆ ಬನ್ನಿ. ಒಬ್ಬೊಬ್ಬರೇ ಬನ್ನಿ.' ಬರುವವರಿಗೆ ಏನು ಮಾಡಬೇಕು ಅಂತ ಗೊತ್ತಿದ್ದರೆ ಬರುತ್ತಾರೆ. 'ಯಾವಾಗಲಾದ್ರೂ ಬರ್ತಾ ಇರಿ' ಅಂದರೆ ಯಾರೂ ಬರುವುದಿಲ್ಲ. ಮೊಬೈಲಿನಲ್ಲಿ ಒಂದು ಫೋಟೋ ಆಲ್ಬಂ ಮಾಡಿಡಿ. ಹಳೆಯ ಕೆಲಸದ ಜಾಗ, ಮನೆಯ ಜನ, ಹೋದ ಪ್ರವಾಸ, ಈ ವಾರ ಮಾಡಿದ್ದು. ಮಾತು ಎಲ್ಲಿಂದ ಶುರು ಮಾಡಬೇಕು ಅನ್ನೋ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಹೊರಗೆ ಓಡಾಡುವಾಗ ಜೇಬಿನಲ್ಲಿ ಒಂದು ಕಾರ್ಡ್ ಇರಲಿ: 'ನನಗೆ ಸ್ಟ್ರೋಕ್ ಆಗಿದೆ. ಮಾತಾಡುವುದು ಕಷ್ಟ, ನಿಧಾನವಾಗಿ ಮಾತಾಡಿ, ಸ್ವಲ್ಪ ಕಾಯಿರಿ.' ಅಂಗಡಿಯವರು, ಕಂಡಕ್ಟರ್, ಬ್ಯಾಂಕಿನವರು ಇದನ್ನು ಓದಿದ ಮೇಲೆ ನಡೆದುಕೊಳ್ಳುವ ರೀತಿಯೇ ಬೇರೆ ಇರುತ್ತದೆ. ಕಾರ್ಡ್ ಇಲ್ಲದೆ ಹೋದರೆ ಕುಡಿದಿದ್ದಾರೆ ಅಂದುಕೊಳ್ಳುವುದೂ ಉಂಟು.

ಮನೆಯಲ್ಲಿ ನೋಡಿಕೊಳ್ಳುವವರ ಬಗ್ಗೆ ಒಂದು ಮಾತು. ಗಂಡನೋ ಹೆಂಡತಿಯೋ ಮಗಳೋ, ಅವರ ಸ್ನೇಹಿತರೂ ದೂರವಾಗಿರುತ್ತಾರೆ. ಜೀವನಪೂರ್ತಿ ಜೊತೆಗೆ ಮಾತಾಡಿದವರ ಮಾತೇ ನಿಂತಿರುವುದರಿಂದ ಅವರದೂ ಒಂಟಿತನವೇ. ಅವರಿಗೆ ಬೇರೆ ಗುಂಪು ಬೇಕು, ರೋಗಿಯ ಎದುರಿಗೆ ಹೇಳಲಾಗದ ಸಿಟ್ಟು, ಬೇಸರ, ಖರ್ಚಿನ ಚಿಂತೆ ಹೇಳಿಕೊಳ್ಳುವುದಕ್ಕೆ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಎರಡು ಕೋಣೆಯಲ್ಲಿ ಗುಂಪು ನಡೆಸುವ ಕೇಂದ್ರ ಸಿಕ್ಕಿದರೆ ಬಿಡಬೇಡಿ. ಅದರಿಂದ ಇನ್ನೊಂದು ಲಾಭವೂ ಇದೆ. ಪ್ರೀತಿಯಿಂದಲೇ ಆದರೂ, ಮನೆಯವರು ಪಕ್ಕದಲ್ಲಿದ್ದರೆ ಎಲ್ಲ ಪ್ರಶ್ನೆಗೂ ತಾವೇ ಉತ್ತರ ಹೇಳಿಬಿಡುತ್ತಾರೆ.

ಕೊನೆಯದಾಗಿ, ಸಹಾಯ ಪಡೆಯುವವರೇ ಸಹಾಯ ಮಾಡುವವರಾಗುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ ನಡೆದ 'ಸೂಪರ್ಬ್' ಅನ್ನೋ ಅಧ್ಯಯನದಲ್ಲಿ, ಅಫೇಸಿಯಾ ಇರುವವರೇ ತರಬೇತಿ ಪಡೆದು, ಹೊಸದಾಗಿ ಅಫೇಸಿಯಾ ಬಂದವರನ್ನು ಮೂರು ತಿಂಗಳಲ್ಲಿ ಆರು ಸಲ ಭೇಟಿಯಾದರು. ಹೊಸಬರ ಎದುರಿಗೆ ಪದಕ್ಕಾಗಿ ತಡಕಾಡುತ್ತಾ ಕೂರುವ ಒಬ್ಬರು, ನಾನು ಒಬ್ಬನೇ ಬಸ್ಸಿನಲ್ಲಿ ಬಂದೆ ಅಂತ ಬೆರಳೆತ್ತಿ ತೋರಿಸಿದರೆ, ಅದನ್ನು ಯಾವ ಡಾಕ್ಟರೂ ಆ ರೀತಿ ಹೇಳಲಾರರು. ನಿಮ್ಮ ಮನೆಯವರು ಒಂದೆರಡು ವರ್ಷದ ಹಾದಿ ಸವೆಸಿದ್ದರೆ, ಸ್ಪೀಚ್ ಥೆರಪಿಸ್ಟ್ ಹತ್ತಿರ ಮುಂದಿನ ಸಲ ಹೋದಾಗ ಹೊಸಬರು ಯಾರಾದರೂ ಇದ್ದಾರಾ ಅಂತ ಅವರಿಂದಲೇ ಕೇಳಿಸಿ. ಪದ ಬಾರದಿದ್ದರೆ ಹಾಳೆಯಲ್ಲಿ ಬರೆದುಕೊಂಡು ಹೋದರಾಯಿತು.